ಹಸಿರು ದಾರದ ಏಳು ಸುತ್ತು

ಅಪ್ಪಾ,

ಇವತ್ತು, ಮುಷ್ಕರದಲ್ಲಿ ನನ್ನ ಜೊತೆಗಿದ್ದ ರೌಲಿ ಟ್ರೌಟ್ ಮೀನು ಹಿಡಿಯುವ ಹಳೆಯ ಫೈಬರ್‌ಗ್ಲಾಸ್ ಗಾಳದ ಕೋಲೊಂದನ್ನು ತಂದಿದ್ದ. ನೀನೂ ನಾನೂ ದುಡಿದ ಕಾರ್ಖಾನೆಯದೇ. ಹರಾಜಿಗೆ ಮುಂಚೆ ಅಸಲಿಯೋ ಅಲ್ಲವೋ ಎಂದು ನಾನು ಬರೆದುಕೊಡಬೇಕು. ಉದ್ದಕ್ಕೂ ಹತ್ತಿ ಸವರಿದೆ. ಎಲ್ಲೂ ಎಳೆ ಸಿಕ್ಕಿಕೊಳ್ಳಲಿಲ್ಲ, ಅಂದರೆ ಬಿರುಕಿಲ್ಲ. ಹಿಡಿಯ ಬಳಿಯ ಮುದ್ರೆ ಓದಿದೆ: ಫೆಬ್ರವರಿ, ಎಪ್ಪತ್ತೆರಡು. ಮುಷ್ಕರ ಮುರಿದು ಕೆಲಸಕ್ಕೆ ಹೋದವರು ಮಾತ್ರ ಕಾರ್ಖಾನೆಯೊಳಗಿದ್ದ ತಿಂಗಳು.

"ಯಾವ ನಾಯಿ ಕಟ್ಟಿದ್ದೇ ಇದನ್ನ? ನಿಂಗೆ ಎಲ್ಲರ ಕೈಗುರುತೂ ಗೊತ್ತಲ್ಲ ವಿನಿ, ಹೇಳು. ಇವತ್ತೇ ಪಬ್ಬಲ್ಲಿ ಅವನ ಮಾನ ಕಳೀತೀನಿ," ಎಂದು ರೌಲಿ ನಕ್ಕ.

ಭೂತಗನ್ನಡಿ ಹಿಡಿದೆ. ಗಾಳದ ನೂಲು ಹಾಯುವ ಕೆಳಗಿನ ಉಂಗುರವನ್ನು ಕೋಲಿಗೆ ಬಿಗಿದ ಕಡೆ ಹಸಿರು ರೇಷ್ಮೆ ದಾರದ ಏಳು ಸುತ್ತು ಹೆಚ್ಚಿಗೆ. ಹಾಗೆ ಕಟ್ಟುತ್ತಿದ್ದವನು ನೀನೊಬ್ಬನೇ. ಆ ತಿಂಗಳು ನೀನು ಬೆರಿಕ್ ಊರಿನಲ್ಲಿ ಅತ್ತೆಯ ಮನೆಯಲ್ಲಿದ್ದೆ ಎಂದಲ್ಲವೇ ಅಮ್ಮ ಹೇಳಿದ್ದು? ಭೂತಗನ್ನಡಿ ಕೆಳಗಿಟ್ಟೆ.

"ಯಾರೋ ಆಮೇಲೆ ಬಿಚ್ಚಿ ಕಟ್ಟಿದ್ದು ಕಣೋ. ಅಸಲಿ ಅಲ್ಲ," ಎಂದೆ. ಹಾಗೆಯೇ ಬರೆದು ಸಹಿ ಹಾಕಿದೆ.

ಅವನು ಇನ್ನೊಬ್ಬರಿಗೆ ತೋರಿಸಿದರೆ? ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ಹೊಟ್ಟೆಗೆ ಹೊಡೆದು ನಮ್ಮನ್ನು ಒಡೆದವರು ಯಜಮಾನರು. ನಾನು ಉಗಿದದ್ದು ಮಾತ್ರ ಮುಷ್ಕರ ಮುರಿದವರನ್ನು ಹೊತ್ತು ಪ್ರತಿ ಮುಂಜಾನೆ ಗೇಟು ದಾಟುತ್ತಿದ್ದ, ಕಿಟಕಿಗೆ ಹಲಗೆ ಹೊಡೆದ ಆ ವ್ಯಾನಿನ ಮೇಲೆ. "ಹೆಂಡ್ತಿ ಮಕ್ಕಳನ್ನೂ ಮಾರ್ಕೊಳ್ರೋ!" ಎಂದು ಎಲ್ಲರಿಗಿಂತ ಮೊದಲು ಕೂಗುತ್ತಿದ್ದವಳು ನಾನೇ. ಆ ಚಳಿಗಾಲ, ಕೆಮ್ಮುತ್ತಿದ್ದ ಅಮ್ಮನ ಕೋಣೆಯಲ್ಲಿ ಒಂದು ದಿನವೂ ಬೆಂಕಿ ಆರಲಿಲ್ಲ. ಕಲ್ಲಿದ್ದಲಿಗೆ ದುಡ್ಡು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.

ಅಪ್ಪಾ, ಹಲಗೆಯ ಆಚೆಗೆ ನನ್ನ ದನಿ ಕೇಳಿಸುತ್ತಿತ್ತೇ?