ಮರಿಗಳಿಗೆ ಹಚ್ಚಿದ ಬೇವಿನೆಣ್ಣೆ

ದೊಡ್ಡವ್ವಾ,

ಎಲ್ಲಿದ್ದೀಯೋ ಅಲ್ಲಿಗೇ ನಿನ್ನ ಮಾಳ್ಯಾನ ಶರಣು. ಚಳಿಜ್ವರ ಬಿಟ್ಟು ನಾಲ್ಕು ದಿನವಾಯಿತು, ಕಾಲಿಗೆ ಇನ್ನೂ ಕಸುವು ಬಂದಿಲ್ಲ. ನಿನ್ನ ಮಗ ಬೀರಣ್ಣ ಕುರಿ ಹೊಡೆದುಕೊಂಡು ಹೋಗಿದ್ದಾನೆ, ನಾನು ಹಟ್ಟಿ ಕಾಯುತ್ತ ಕೂತಿದ್ದೇನೆ. ಮಾನ್ವಿ ದಾಟಿ ಹಳ್ಳದ ದಂಡೆಯ ಹೊಲವೊಂದರಲ್ಲಿ ಈ ಸಲ ಕುರಿ ನಿಲ್ಲಿಸಿದ್ದೇವೆ. ಹೊಲಕ್ಕೆ ಗೊಬ್ಬರ, ನಮಗೆ ಜೋಳ, ಸೊಳ್ಳೆಗೆ ನಾವು. ನೀನು ಹೋದ ಮೇಲೆ ಸರ್ಕಾರವೇ ಬದಲಾಯಿತು, ಸೊಳ್ಳೆ ಮಾತ್ರ ಅವೇ.

ಸುತ್ತಿ ಬಳಸಿ ಹೇಳುವ ಶಕ್ತಿ ಇಲ್ಲ ದೊಡ್ಡವ್ವಾ. ಆ ವರ್ಷ ಮರಿಗಳಿಗೆ ಬೇವಿನೆಣ್ಣೆ ಹಚ್ಚಿದ್ದು ನನ್ನ ಹೆಂಡತಿ ನೀಲಮ್ಮ ಅಲ್ಲ, ನಾನು. ನೀನು ಬದುಕಿರುವಾಗ ಹೇಳಬೇಕಿತ್ತು. ಹೇಳಲಿಲ್ಲ.

ಸಂಜೆಯಾದರೆ ನೀನು ಹಟ್ಟಿಯ ನಡುವೆ ನಿಂತು ಉಣ್ಣೆಯ ಒಂದು ಎಳೆ ಗಾಳಿಗೆ ಬಿಡುತ್ತಿದ್ದುದು ನೆನಪಾಗುತ್ತದೆ. ಅದು ತೇಲಿ ಹೋದ ದಿಕ್ಕು ನೋಡಿ, ಗಾಳಿ ಬರುವ ಮಗ್ಗುಲಿಗೇ ಒಡೆದ ಗಡಿಗೆ ಇಡುತ್ತಿದ್ದೆ. ಕೆಳಗೆ ಒಣ ಕುರಿಹಿಕ್ಕೆಯ ಕೆಂಡ, ಮೇಲೆ ಹಸಿ ಬೇವು, ಅದರ ಮೇಲೆ ಒಂದು ಹಿಡಿ ಲಕ್ಕಿ ಸೊಪ್ಪು. ನಾನು ಊದಲು ಬಗ್ಗಿದರೆ ನೀನು ತಲೆಗೊಂದು ಮೊಟಕುತ್ತಿದ್ದೆ. "ಉರಿ ಬ್ಯಾಡ ಲೇ, ಹೊಗಿ ಬೇಕು." ಹೊಗೆ ಹಾವಿನಂತೆ ನೆಲ ಹಿಡಿದು ಹೋಗಿ, ಮೊದಲು ಎಳೆ ಮರಿಗಳನ್ನು ಕೂಡಿಹಾಕಿದ ಬುಟ್ಟಿ ದಾಟಿ, ಆಮೇಲೆ ಕುರಿ, ಕೊನೆಗೆ ನಾವು. ನಮ್ಮ ಸರದಿ ಬರುವ ಹೊತ್ತಿಗೆ ಗಡಿಗೆಯಲ್ಲಿ ಏನು ಉಳಿದಿರುತ್ತಿತ್ತು? ಕಂಬಳಿ ಮುಸುಕೆಳೆದು ಮಲಗುತ್ತಿದ್ದೆವು.

ನೀಲಮ್ಮ ದೇವದುರ್ಗದ ಕಡೆಯಿಂದ ಸೊಸೆಯಾಗಿ ಬಂದ ದಿನ ಅವಳ ಗಂಟಿನಲ್ಲಿ ಒಂದು ಕುಡಿಕೆ ಇತ್ತು. ತವರಿನವರು ಕುರಿ ಮಾರಿ ಹೊಲ ಹಿಡಿದು ಎರಡು ತಲೆಮಾರಾಗಿತ್ತು, ಬೇವಿನ ಬೀಜ ಆರಿಸಿ ಒಣಗಿಸಿ ಮನೆಯಲ್ಲೇ ಎಣ್ಣೆ ತೆಗೆಯುತ್ತಿದ್ದರು. ಹೊಲ ಕಾಯಲು ಹೋಗುವವರು ಕೈಕಾಲಿಗೆ ಅದನ್ನೇ ತಿಕ್ಕಿಕೊಂಡು ಬಯಲಲ್ಲಿ ಮಲಗುತ್ತಾರಂತೆ. ನೀನು ಮೂಗು ಮುಚ್ಚಿಕೊಂಡು, ಈ ವಾಸನೆಗೆ ಸೊಳ್ಳೆಯಷ್ಟೇ ಅಲ್ಲ, ಗಂಡನೂ ಹತ್ತಿರ ಬರುವುದಿಲ್ಲ ಎಂದು ಚೇಷ್ಟೆ ಮಾಡಿದ್ದೆ. ಅವಳು ತಲೆ ತಗ್ಗಿಸಿ ನಕ್ಕಳು. ನಿಮ್ಮಿಬ್ಬರ ನಡುವೆ ಆಗ ಎಷ್ಟು ಚೆಂದ ಇತ್ತು... ನಿನ್ನ ಜೊತೆ ಮರಿ ನೋಡುವುದನ್ನು ಕಲಿಯಲು ಶುರು ಮಾಡಿದ್ದಳು.

ನನ್ನ ಕಾಲಿಗೆ ಜಾಲಿಮುಳ್ಳು ನೆಟ್ಟು ಹಟ್ಟಿಯಲ್ಲೇ ಉಳಿದ ಆ ಮಳೆಗಾಲ ನಿನಗೂ ನೆನಪಿರಬೇಕು. ಹಿಕ್ಕೆ ತೊಯ್ದು ಹೊಗೆಯೇ ಏಳುತ್ತಿರಲಿಲ್ಲ. ಒಂಬತ್ತು ಎಳೆ ಮರಿ, ಕಿವಿ ಮೂಗೆಲ್ಲ ಸೊಳ್ಳೆ ಕಚ್ಚಿ ದದ್ದೆದ್ದಿದ್ದವು. ರಾಯಚೂರಿನ ಹತ್ತಿ ಗಿರಣಿಯಲ್ಲಿ ಎರಡು ವರ್ಷ ಇದ್ದು ಬಂದವನು ನಾನು, ಎಲ್ಲ ಬಲ್ಲೆ ಎನ್ನುವ ಸೊಕ್ಕು. ನಿಂತ ನೀರಿಗೆ ಚಿಮಣಿ ಎಣ್ಣೆ ಸುರಿದರೆ ಸೊಳ್ಳೆ ಹುಟ್ಟುವುದೇ ಇಲ್ಲ ಎಂದು ಅಲ್ಲಿ ಕೇಳಿದ್ದೆ, ಆದರೆ ಯುದ್ಧದ ಕಾಲದಲ್ಲಿ ದೀಪಕ್ಕೇ ಎಣ್ಣೆ ಸಿಗುತ್ತಿರಲಿಲ್ಲ. ನೀನು ಸೊಪ್ಪಿಗೆ ಹೋಗಿದ್ದೆ, ನೀಲಮ್ಮ ನೀರಿಗೆ. ಕುಡಿಕೆ ಅಲ್ಲೇ ಇತ್ತು. ಮನುಷ್ಯರಿಗೆ ಆಗುವುದು ಮರಿಗೆ ಯಾಕೆ ಆಗಬಾರದು? ಒಂದೊಂದನ್ನೂ ತೊಡೆಯ ಮೇಲೆ ಹಾಕಿಕೊಂಡು ಮೂಗಿನಿಂದ ಬಾಲದವರೆಗೆ ತಿಕ್ಕಿದೆ. ಸೊಳ್ಳೆ ಹತ್ತಿರ ಸುಳಿಯಲಿಲ್ಲ. ನನಗೆ ನನ್ನ ಮೇಲೇ ಪ್ರೀತಿ ಬಂತು.

ಹೊತ್ತು ಮುಳುಗುವಾಗ ಹಿಂಡು ಬಂತು. ದಿನವೂ ಕಿವಿ ಗಡಚಿಕ್ಕುವಂತೆ ಕೂಗುತ್ತ ತಾಯಿ ಮರಿಗೆ, ಮರಿ ತಾಯಿಗೆ ಓಡುವ ಹೊತ್ತು ಅದು. ಆ ದಿನ ಕುರಿಗಳು ಬಂದವು, ಮೂಸಿದವು, ಹಿಂದೆ ಸರಿದವು. ಕೆಚ್ಚಲಿಗೆ ಬಾಯಿ ಹಾಕಲು ಹೋದ ಮರಿಯನ್ನು ಹೆತ್ತ ತಾಯಿಯೇ ಗುದ್ದಿ ಕೆಡವಿತು. ಕುರಿ ತನ್ನ ಮರಿಯನ್ನು ಗುರುತಿಸುವುದು ಮೂಗಿನಿಂದ ಎಂದು ಕುರುಬರ ಹೊಟ್ಟೆಯಲ್ಲಿ ಹುಟ್ಟಿದವನು ಮರೆತಿದ್ದೆ. ಮರಿ ನೋಡುವುದು ಹೆಂಗಸರ ಕೆಲಸ, ನಾವು ಹಿಂಡಿನ ಹಿಂದೆ ಹೋಗುವವರು ಎಂದು ಆ ಕಡೆ ಯಾವತ್ತೂ ತಲೆ ಹಾಕಿದವನಲ್ಲ. ನೀನು ಒಂದು ಮರಿ ಎತ್ತಿ ಮೂಸಿ, ನೀಲಮ್ಮನ ಕಡೆ ತಿರುಗಿದೆ.

"ಇದು ನಿನ್ನ ಎಣ್ಣಿ ಹೌದಲ್ಲೇನು?"

ಅವಳು ನನ್ನನ್ನು ನೋಡಿದಳು. ನಾನು ಕಾಲಿನ ಬಟ್ಟೆ ಬಿಚ್ಚಿ ಮತ್ತೆ ಕಟ್ಟತೊಡಗಿದೆ. ಅವಳು ಸ್ವಲ್ಪ ಹೊತ್ತು ಕಾದಳು, ದೊಡ್ಡವ್ವಾ. ನಾನು ಬಾಯಿ ಬಿಡುತ್ತೇನೇನೋ ಎಂದು ಕಾದಳು.

"ಹೌದ್ರಿ ಅತ್ತಿ. ನನ್ನ ಎಣ್ಣಿನ."

ಮೂರು ದಿನ ನೀನು ಮಲಗಲಿಲ್ಲ. ಬೂದಿನೀರಲ್ಲಿ ಮರಿಗಳನ್ನು ತೊಳೆದೆ, ತಾಯಿಯ ಹಾಲನ್ನೇ ಕರೆದು ಮರಿಯ ಬೆನ್ನಿಗೆ ಸವರಿದೆ, ಒಂದೊಂದು ಕುರಿಯ ಕುತ್ತಿಗೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಮೊಲೆ ಕುಡಿಸಿದೆ. ಏಳು ಉಳಿದವು. ಸತ್ತ ಎರಡನ್ನು ಹಳ್ಳದ ಆಚೆ ಹೂಳಿ ಬಂದವನು ನಾನೇ, ಬರುವ ದಾರಿಯಲ್ಲಿ ಇವತ್ತು ಹೇಳುತ್ತೇನೆ ಎಂದುಕೊಂಡೆ. ಅದಾದ ಮೇಲೆ ನಾಳೆ ಎಂದುಕೊಂಡೆ. ಆಮೇಲೆ ಆ ಲೆಕ್ಕವನ್ನೂ ಬಿಟ್ಟೆ.

ನೀರಮಾನ್ವಿ ಯಲ್ಲಮ್ಮನ ಗುಡಿಯ ಮುಂದೆ ಬಳಗದವರೆಲ್ಲ ಊಟಕ್ಕೆ ಕೂತಾಗ, ಇವಳ ಕೈ ಮರಿಗೆ ಆಗಿಬರುವುದಿಲ್ಲ ಎಂದು ನೀನು ಎಲ್ಲರೆದುರು ಹೇಳಿದೆ. ಬೈದು ಹೇಳಲಿಲ್ಲ, ಇದ್ದದ್ದನ್ನು ಹೇಳುವಂತೆ ಹೇಳಿದೆ. ಅದೇ ಅವಳಿಗೆ ಹೆಸರಾಯಿತು. ನೀರು ತರುವುದು, ಸೊಪ್ಪು ತರುವುದು, ಹೊಗೆ ಹಾಕುವುದು ಅವಳ ಪಾಲಿಗೆ. ಮರಿ ಬುಟ್ಟಿಯ ಹತ್ತಿರ ಹೋದರೆ ಯಾರಾದರೂ ಕೆಮ್ಮುತ್ತಿದ್ದರು. ನನ್ನೊಂದಿಗೆ ಅವಳು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನೀನು ಹಾಸಿಗೆ ಹಿಡಿದು ಅಂಗಳದ ಹೊರಸಿನಲ್ಲಿ ಮಲಗಿದ್ದ ಕೊನೆಯ ತಿಂಗಳು ನಿನ್ನ ಮೈಗೆ ಒಂದು ಸೊಳ್ಳೆ ಮುಟ್ಟಲಿಲ್ಲ. ಗಾಳಿ ತಿರುಗಿದಾಗಲೆಲ್ಲ ಅವಳು ಎದ್ದು ಗಡಿಗೆ ತಿರುಗಿಸಿ ಇಡುತ್ತಿದ್ದಳು. ಹೊಗೆ ಹದವಾಗಿ ಹಾಕುತ್ತಾಳೆ, ಕೈಗುಣವೊಂದು ಇದ್ದಿದ್ದರೆ ಎಂದು ನೀನು ನನ್ನ ಹತ್ತಿರವೇ ಹೇಳಿದೆ. ನಿನ್ನ ಪಾದ ಒತ್ತುತ್ತ ಕೂತಿದ್ದೆ. ಆಗಲೂ ಬಾಯಿ ಬರಲಿಲ್ಲವಲ್ಲ, ನಾನು ಯಾವ ಮಣ್ಣಿನವನು?

ಈಗ ಯಾಕೆ ಎಂದು ಕೇಳುತ್ತೀಯ. ಬೀರಣ್ಣನ ಹೆಂಡತಿಗೆ ಕಣ್ಣಿಗೆ ಪೊರೆ ಬಂದಿದೆ, ಯಾವ ಮರಿ ಯಾವ ತಾಯಿಯದು ಗೊತ್ತಾಗುವುದಿಲ್ಲ. ಮರಿ ಹಾಕುವ ಕಾಲ ಶುರುವಾಗಿದೆ. ಮರಿ ನೋಡಲು ಗುಂಜಹಳ್ಳಿಯಿಂದ ಯಾರನ್ನಾದರೂ ಕರೆಸಬೇಕು ಎನ್ನುತ್ತಾನೆ ಬೀರಣ್ಣ, ನೀಲಮ್ಮ ಎದುರಿಗೇ ಇರುವಾಗ. ಅದಕ್ಕೇ ಬರೆಯಲು ಕೂತೆ. ಅವಳು ಗಡಿಗೆಗೆ ಸೊಪ್ಪು ಹಾಕುತ್ತ, ಏನು ಬರೆಯುತ್ತಿದ್ದೀ ಎಂದು ಕೇಳಿದಳು. ಇಲ್ಲಿಯವರೆಗಿನದನ್ನು ಓದಿ ಹೇಳಿದೆ.

"ಮಣ್ಣಾದವರಿಗೆ ಬರದ್ರ ಏನ ಬಂತು? ಕುರಿ ಹೊಡಕೊಂಡು ಬರಾಕತ್ತಾರಲ್ಲ, ಅವರಿಗೆ ಹೇಳು."

ಅಲ್ಲಿಗೆ ಕಾಗದ ಮಡಚಿಟ್ಟೆ. ಇದು ಮರುದಿನ ಬೆಳಿಗ್ಗೆ ಬರೆಯುತ್ತಿರುವುದು.

ನಿನ್ನೆ ಸಂಜೆ ಬೀರಣ್ಣ ಕೈಕಾಲು ತೊಳೆಯುವ ಮೊದಲೇ, ಎಲ್ಲರೂ ಇರುವಾಗ, ಹೇಳಿದೆ. ನಾಲ್ಕು ಮಾತಿನಲ್ಲಿ ಮುಗಿಯಿತು. ಇಷ್ಟು ಸಣ್ಣದಕ್ಕೆ ಇಷ್ಟು ವರ್ಷ... ಬೀರಣ್ಣನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀರಣ್ಣ ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ಮಧ್ಯಾಹ್ನ ಹುಟ್ಟಿದ ಮರಿಯನ್ನು ಕಂಬಳಿಯಿಂದ ತೆಗೆದು ನೀಲಮ್ಮನ ಮುಂದೆ ಹಿಡಿದ.

ಅವಳು ಕೈ ಚಾಚಲಿಲ್ಲ.

"ಆ ಕಡಿ ನೋಡಬಾರದು ಅಂತ ರೂಢಿ ಮಾಡ್ಕೊಂಡೀನ್ರಿ ಭಾವಾ. ಈಗ ಮರಿ ಒದರಿದ್ರ ನನ್ನ ಎದಿ ನಡಗತದ. ನನಗ ಬ್ಯಾಡ."

ಅವಳ ಮೇಲಿನ ಮಾತು ಅಳಿಸುತ್ತದೆ, ಕಳೆದದ್ದು ಮರಳುತ್ತದೆ ಎಂದುಕೊಂಡಿದ್ದೆ ದೊಡ್ಡವ್ವಾ. ಮಾತೇನೋ ಅಳಿಸಿತು. ಮರಿ ಬೀರಣ್ಣನ ಕೈಯಲ್ಲಿ ಒದರುತ್ತಲೇ ಇತ್ತು, ಕೊನೆಗೆ ನಾನೇ ತೆಗೆದುಕೊಂಡೆ. ಗುಂಜಹಳ್ಳಿಗೆ ಹೇಳಿ ಕಳಿಸುವುದು ಬೇಡ ಎಂದೆ. ಇನ್ನು ಹಿಂಡಿನ ಹಿಂದೆ ಹೋಗುವುದಿಲ್ಲ, ಮರಿಗಳ ಬುಟ್ಟಿಯ ಹತ್ತಿರ ಕೂರುತ್ತೇನೆ. ಗಂಡಸು ಮರಿ ಕಾಯುವುದನ್ನು ನಮ್ಮ ಬಳಗದಲ್ಲಿ ಯಾರೂ ಕಂಡಿಲ್ಲ, ಹೋಗಿ ಬರುವವರೆಲ್ಲ ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಕೇಳಿದವರಿಗೆಲ್ಲ, ಕೇಳಿದಷ್ಟು ಸಲ, ನೀಲಮ್ಮನಿಗೆ ಕೇಳಿಸುವ ಹಾಗೆ ಹೇಳುತ್ತೇನೆ.

ನಿನ್ನ
ಮಾಳ್ಯಾ