ಅಂಗಾಲಿನ ಕಪ್ಪು ಚುಕ್ಕೆ

ನೆರಳು ಸಂವತ್ಸರ ನೂರಾ ಹನ್ನೆರಡು, ಎರಡನೆಯ ಶ್ರಾವಣದ ಮೂವತ್ತೇಳನೆಯ ತಾರೀಖು, ಬಿಡುವಾರ.
ಗದಗ, ಮೂರನೆಯ ಪರದೆ.

ದಾಕ್ಷಾಯಣಿ ಅಕ್ಕನಿಗೆ,

ನಿಮ್ಮನ್ನು ಏನೆಂದು ಕರೆಯಬೇಕೆಂಬಲ್ಲೇ ಎಡವುತ್ತಿದ್ದೇನೆ. ವಂಶಾವಳಿಯ ಪ್ರಕಾರ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಓಲೆ ಸಿಗುವ ಹೊತ್ತಿಗೆ ನಿಮಗಿನ್ನೂ ಮೂವತ್ತು ದಾಟಿರುವುದಿಲ್ಲ, ನನಗೆ ಆಗಲೇ ದಾಟಿದೆ. ಅಜ್ಜಿ ಎಂದರೆ ನೀವು ಮುಖ ಸಿಂಡರಿಸಬಹುದು, ತಂಗಿ ಎಂದರೆ ನಮ್ಮವ್ವ ನನ್ನ ಕಿವಿ ಹಿಂಡುವುದು ಖಂಡಿತ. ಅಕ್ಕ ಎಂದರೆ ಇಬ್ಬರ ಮಾನವೂ ಉಳಿಯುತ್ತದೆ. ನನ್ನ ಹೆಸರು ಸಂಗವ್ವ. ಹಳೆಯ ಹೆಸರುಗಳೆಲ್ಲ ಇಲ್ಲಿ ತಿರುಗಿ ಬಂದಿವೆ. ಮಾತುಗಳು ಮಾತ್ರ ಬಹಳ ಬದಲಾಗಿವೆ, ಆದ್ದರಿಂದ ಓದುವಾಗ ಅಲ್ಲಲ್ಲಿ ಕಲ್ಲು ಸಿಕ್ಕಂತಾದರೆ ಕ್ಷಮಿಸಿ. ಬಿಡುವಾರವೆಂದರೆ ವಾರದ ಎಂಟನೆಯ ದಿನ. ಅದು ಯಾವಾಗ, ಯಾಕೆ ಸೇರಿತೆಂದು ಕೇಳಬೇಡಿ. ನಮಗೂ ಗೊತ್ತಿಲ್ಲ, ರಜೆ ಸಿಕ್ಕಿತೆಂದು ಸುಮ್ಮನಿದ್ದೇವೆ.

ಇಲ್ಲಿ ಬಿಸಿಲು ಬಲು ಕೆಟ್ಟದ್ದು. ಊರಿನ ಮೇಲೆ ಪರದೆ ಎಳೆದಿದ್ದಾರೆ. ಗಾಳಿಯಂತ್ರದ ಹಳೆಯ ಕಂಬಗಳ ತುದಿಯಿಂದ ತುದಿಗೆ ಬಿಗಿದ ಆ ದಪ್ಪ ಬಟ್ಟೆಯ ಕೆಳಗೆ ನಮ್ಮ ಮನೆ, ಸಂತೆ, ಶಾಲೆ ಎಲ್ಲವೂ ಇವೆ. ಪರದೆಯಾಚೆಯದನ್ನು ಬಯಲು ಎನ್ನುತ್ತೇವೆ. ಅಲ್ಲಿಯೂ ಜನರಿದ್ದಾರೆ. ಮುಂಜಾನೆ ಹೊಲದ ಕೆಲಸ ಮುಗಿಸಿ ಮಧ್ಯಾಹ್ನವೆಲ್ಲ ನೆಲದೊಳಗಿನ ಕೋಣೆಗಳಲ್ಲಿ ಮಲಗುತ್ತಾರೆ, ಸಂಜೆ ಮೇಲೆ ಬಂದು ರೊಟ್ಟಿ ತಟ್ಟುತ್ತಾರೆ, ಹಾಡುತ್ತಾರೆ ಎಂದೂ ಕೇಳಿದ್ದೇನೆ. ಊರೊಳಗೆ ಬಿಲ್ಲು ಬರೆಯುವುದು, ಲೆಕ್ಕ ನೋಡುವುದು, ಅರ್ಜಿಗೆ ಉತ್ತರ ಕೊಡುವುದು ಎಲ್ಲವನ್ನೂ ತಾನಾಳುಗಳು ಮಾಡುತ್ತವೆ. ತಾನಾಳು ಎಂದರೆ ಕೂಲಿ ಕೇಳದ, ಚಹಾಕ್ಕೆ ಏಳದ ಯಂತ್ರ. ನೀವು ಕುಳಿತು ದುಡಿಯುವ ಆ ಕರೆಂಟ್ ಬಿಲ್ಲಿನ ಆಫೀಸು ಈಗ ಒಂದು ಗೋಡೆಯಾಗಿದೆ, ಮಾತಾಡಿಸಿದರೆ ಮಾತಾಡುತ್ತದೆ. ಹೀಗಾಗಿ ಮನುಷ್ಯರಿಗೆ ಉಳಿದಿರುವ ಕಾಯಂ ನೌಕರಿ ಒಂದೇ, ಕೈಗೆಲಸ. ಒಂದೊಂದು ಮನೆತನಕ್ಕೆ ಒಂದೊಂದು ಕೈಗೆಲಸ ಗೊತ್ತು ಮಾಡಿದ್ದಾರೆ. ಮೊದಲು ಮಾಡಿದ ಹಿರಿಯರು ಹೇಗೆ ಮಾಡಿದರೋ ಕೂದಲೆಳೆಯಷ್ಟೂ ಬದಲಿಸದೆ ಹಾಗೇ ಮಾಡಿದರೆ ಬದುಕಿರುವವರೆಗೂ ಪರದೆಯ ಕೆಳಗೆ ಮನೆ, ನೀರು, ಊಟ ಸಿಗುತ್ತವೆ. ಇದಕ್ಕೆ ಆಸರೆ ಎನ್ನುತ್ತೇವೆ.

ನಮ್ಮ ಮನೆತನದ ಕೈಗೆಲಸ ನೀವು, ಅಕ್ಕ. ಆಫೀಸಿನಿಂದ ಬಂದು ಹಳೆಯ ಪೇಪರು ನೆನೆಸಿ ರುಬ್ಬಿ ನೀವು ಮಾಡಿದ ಆ ಗೊಂಬೆ, ತಲೆಯ ಮೇಲೆ ಬುತ್ತಿಗಂಟು ಹೊತ್ತ ಹೆಂಗಸು, ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಅದಕ್ಕೆ ಮೂಗಿದೆ, ನಗುವ ಬಾಯಿದೆ, ಕಿವಿಯಲ್ಲಿ ಬೆಂಡೋಲೆಯಿದೆ. ಕಣ್ಣಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಯಾರೂ ಯಾವ ಗೊಂಬೆಗೂ ಕಣ್ಣು ಬರೆದಿಲ್ಲ. ನಿಮ್ಮ ಗೊಂಬೆಯ ಬಲಗಾಲಿನ ಅಂಗಾಲಿನಲ್ಲಿ ಒಂದು ಕಪ್ಪು ಚುಕ್ಕೆಯಿದೆ, ಅದನ್ನು ದೃಷ್ಟಿಬೊಟ್ಟು ಎಂದು ಎಲ್ಲ ಗೊಂಬೆಗಳಿಗೂ ತಪ್ಪದೆ ಇಡುತ್ತೇವೆ. ನೋಡಲು ಬಂದವರಿಗೆ ನನ್ನ ಸೋದರಮಾವ ಮಲ್ಲೇಶಪ್ಪ ವಿವರಿಸುವುದನ್ನು ನೀವು ಕೇಳಬೇಕು. ನೋಡುವವರ ಕಣ್ಣೇ ಗೊಂಬೆಯ ಕಣ್ಣು ಎಂದು ಶುರು ಮಾಡಿದರೆ ಬಂದವರ ಕಾಲು ಜೋಮು ಹಿಡಿಯುವವರೆಗೂ ಬಿಡುವುದಿಲ್ಲ. ನಾನೂ ಅದನ್ನು ನಂಬಿದ್ದೆ.

ಹೋದ ತಿಂಗಳು ಗಾಜಿನ ಪೆಟ್ಟಿಗೆಯ ಧೂಳು ಹೊಡೆಯುವ ಪಾಳಿ ನನ್ನದಾಗಿತ್ತು. ಪರದೆಯ ಹರುಕಿನಿಂದ ಬಿಸಿಲಿನ ಒಂದು ಕೋಲು ಗೊಂಬೆಯ ಮುಖದ ಮೇಲೆ ಓರೆಯಾಗಿ ಬಿತ್ತು. ಮೂಗಿನ ಎರಡೂ ಬದಿಗೆ ಪೆನ್ಸಿಲಿನಿಂದ ತೆಳುವಾಗಿ ಎಳೆದ ಎರಡು ಕಣ್ಣಿನ ಆಕಾರ ಕಂಡಿತು. ಅಂದರೆ ನೀವು ಕಣ್ಣು ಬರೆಯುವವರಿದ್ದಿರಿ! ಗೊಂಬೆಯನ್ನು ತಿರುಗಿಸಿ ಅಂಗಾಲು ನೋಡಿದೆ. ಅದು ದೃಷ್ಟಿಬೊಟ್ಟಲ್ಲ ಅಕ್ಕ. ಬಣ್ಣ ಹದವಾಗಿದೆಯೋ ಇಲ್ಲವೋ ಎಂದು ಯಾರಿಗೂ ಕಾಣದ ಕಡೆ ಕುಂಚ ಒತ್ತಿ ನೋಡಿದ ಗುರುತು. ನಾನೂ ಹಾಗೇ ಮಾಡುತ್ತೇನೆ, ಗೊಂಬೆ ಇಡುವ ಮಣೆಯ ಅಡಿಗೆ. ಆ ಕ್ಷಣ ನಗು ಬಂತು, ಹಿಂದೆಯೇ ಅಳು ಬಂತು. ಓಡಿ ಹೋಗಿ ಅವ್ವನಿಗೆ ಹೇಳಿದೆ. “ಏ ಹುಚ್ಚಿ, ದೊಡ್ಡವರು ಮಾಡಿದ್ದಕ್ಕ ಏನರ ಅರ್ಥ ಇದ್ದs ಇರತೈತಿ, ನೀ ಸುಮ್ಮ ಧೂಳ ಹೊಡಿ” ಎಂದಳು.

ಅಂದಿನಿಂದ ನನ್ನ ತಲೆ ಕೆಟ್ಟುಹೋಗಿದೆ. ಬಣ್ಣ ಕಲಸಿದ್ದಿರಿ, ಕುಂಚ ತೋಯಿಸಿದ್ದಿರಿ, ಗುರುತೂ ಹಾಕಿದ್ದಿರಿ. ಆಮೇಲೆ ಏನಾಯಿತು? ಆ ದಿನಗಳಲ್ಲಿ ನಿಮಗೆ ಬಡ್ತಿಯ ಆದೇಶ ಬಂದಿತ್ತೆಂದೂ, ಆಗಲೇ ನಾಟಕದ ಕಂಪನಿಯೊಂದು ಗೊಂಬೆ ಮಾಡಲು ಕರೆದಿತ್ತೆಂದೂ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಅಲ್ಲಿಂದ ಮುಂದೆ ಜಗಳ. ನೀವು ನೌಕರಿಗೆ ರಾಜೀನಾಮೆ ಕೊಟ್ಟು ಕಂಪನಿಯ ಗಾಡಿ ಹತ್ತಿದಿರಿ ಎಂದು ಅವ್ವ ಆಣೆ ಮಾಡುತ್ತಾಳೆ. ಬಡ್ತಿ ತೆಗೆದುಕೊಂಡು ಪಿಂಚಣಿಯವರೆಗೂ ಅದೇ ಕುರ್ಚಿಯಲ್ಲಿ ಕುಳಿತಿರಿ, ಮತ್ತೆ ಬಣ್ಣ ಮುಟ್ಟಲಿಲ್ಲ ಎಂದು ಮಾವ ಅಷ್ಟೇ ಗಟ್ಟಿಯಾಗಿ ಹೇಳುತ್ತಾನೆ. ಎರಡೂ ಕಥೆಯ ಕೊನೆಗೆ ಇಬ್ಬರೂ ನನಗೆ ಹೇಳುವುದು ಒಂದೇ ಬುದ್ಧಿಮಾತು: ಕಣ್ಣು ಬರೆಯಬೇಡ. ಇದು ಹೇಗೆ ಸಾಧ್ಯವೋ ನನಗೆ ತಿಳಿಯುತ್ತಿಲ್ಲ. ನೀವು ಭದ್ರವಾದ ನೌಕರಿಯಿಂದ ಹೊತ್ತು ಕದ್ದು ಮಾಡಿದ ಗೊಂಬೆಯೇ ನಮ್ಮ ಭದ್ರವಾದ ನೌಕರಿಯಾಗಿದೆ. ನಾನು ಕಲೆಗಾರ್ತಿಯೋ ಗುಮಾಸ್ತೆಯೋ, ನೀವೇ ಹೇಳಿ.

ನಾಳೆ ಒಪ್ಪುಗೆಯ ದಿನ. ನಾನು ಮಾಡಿದ ಗೊಂಬೆಯನ್ನು ನಿಮ್ಮದರ ಪಕ್ಕ ಇಟ್ಟು ನೋಡುತ್ತಾರೆ. ಒಂದೇ ಥರ ಇದ್ದರೆ ನನಗೆ ಆಸರೆ. ಕಣ್ಣಿದ್ದರೆ ಬಯಲು. ನಿನ್ನೆ ನಾನು ಪೆನ್ಸಿಲಿನಿಂದ ಕಣ್ಣು ಎಳೆದದ್ದನ್ನು ಅವ್ವ ನೋಡಿಬಿಟ್ಟಳು. ಬೈಯಲಿಲ್ಲ, ಅದೇ ಕಷ್ಟವಾಯಿತು. “ಬಿಸಲಾಗ ಹೋಗಿ ಏನ್ ಮಾಡ್ತಿಯವ್ವಾ? ಕಣ್ಣ ಬರದರ ಹೊಟ್ಟಿ ತುಂಬತೈತೇನು?” ಎಂದು ಕೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೆ ಭಯವಿದೆ ಅಕ್ಕ. ಬಿಸಿಲಿನ ಭಯ, ಅವ್ವನನ್ನು ಬಿಟ್ಟಿರುವ ಭಯ, ನಾನು ಬರೆದ ಕಣ್ಣು ಚೆನ್ನಾಗಿ ಬಾರದಿದ್ದರೆ ಎಂಬ ಭಯ.

ಒಪ್ಪುಗೆಗೆ ಮುಂಚೆ ಹಿರಿಯರಿಗೊಂದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ, ಬರೆದು ಅಪ್ಪಣೆ ಕೇಳುವುದು ನಮ್ಮ ಪದ್ಧತಿ. ಎಲ್ಲರೂ ನಾಲ್ಕು ಹೊಗಳಿಕೆಯ ಸಾಲು ಬರೆದು ತಮ್ಮ ಗೊಂಬೆಯ ಪೊಳ್ಳು ಹೊಟ್ಟೆಗೆ ತುರುಕುತ್ತಾರೆ. ನಾನು ಇದನ್ನು ನಿಮ್ಮ ಗೊಂಬೆಯ ಹೊಟ್ಟೆಯಲ್ಲೇ ಇಡುತ್ತಿದ್ದೇನೆ. ಯಾರಿಗೆ ಗೊತ್ತು, ಕುಂಚ ಹಿಡಿದು ನೀವು ಅದನ್ನು ಎತ್ತಿದಾಗ ಒಳಗೆ ಸರಬರ ಸದ್ದು ಕೇಳಿಸೀತು.

ಓಲೆ ಶುರು ಮಾಡಿದಾಗ ನೀವೇ ಆ ಕಣ್ಣು ಮುಗಿಸಿಬಿಡಿ ಎಂದು ಬೇಡಿಕೊಳ್ಳುವವಳಿದ್ದೆ. ಆಗ ಬೆಳಗಾಗುವುದರೊಳಗೆ ಗಾಜಿನ ಪೆಟ್ಟಿಗೆಯ ಗೊಂಬೆಗೆ ಕಣ್ಣು ಬಂದಿರುತ್ತದೆ, ನಾನು ಅದನ್ನೇ ನಕಲು ಮಾಡಿ ಆಸರೆ ಪಡೆಯುತ್ತೇನೆ, ಅವ್ವನೂ ಅಳುವುದಿಲ್ಲ. ಬರೆಯುತ್ತ ಬರೆಯುತ್ತ ಒಂದು ಮಾತು ಹೊಳೆಯಿತು. ಅವು ನಿಮ್ಮ ಕಣ್ಣಾಗುತ್ತವೆ, ನನ್ನವಲ್ಲ. ಆದ್ದರಿಂದ ಕೋರಿಕೆ ಬದಲಿಸುತ್ತಿದ್ದೇನೆ. ನೌಕರಿ ಬಿಡುತ್ತೀರೋ, ಬಡ್ತಿ ತೆಗೆದುಕೊಳ್ಳುತ್ತೀರೋ, ಅದನ್ನು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಎರಡರಲ್ಲಿ ಯಾವುದಾದರೂ ಮಾಡಿ, ಚೆನ್ನಾಗಿರಿ. ಈ ಒಂದು ಗೊಂಬೆಯ ಕಣ್ಣನ್ನು ಮಾತ್ರ ಹಾಗೇ ಬಿಟ್ಟು ಏಳಿ.

ಇಲ್ಲಿ ನಾನು ಕಣ್ಣಿಗೆ ಬಣ್ಣ ಕಲಸಿಕೊಂಡಿದ್ದೇನೆ. ಹದ ಬಂದಿದೆಯೋ ನೋಡೋಣವೆಂದು ಈಗಷ್ಟೇ ನನ್ನ ಗೊಂಬೆಯ ಅಂಗಾಲಿಗೆ ಕುಂಚ ಒತ್ತಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ, ಮಗಳು ದೃಷ್ಟಿಬೊಟ್ಟು ಇಟ್ಟಳೆಂದು ಸಮಾಧಾನದಿಂದ ಒಳಗೆ ಹೋದಳು.

ನಿಮ್ಮ
ಸಂಗವ್ವ