ಅಣಕು ಕಾರ್ಯಾಚರಣೆಯ ಫೋಟೊ

ಪಂಚಾಯತ್ ಅಧ್ಯಕ್ಷರಾದ ಪುರಂದರಣ್ಣನಿಗೆ ಶೀಲಾವತಿಯ ನಮಸ್ಕಾರ.

ಬರುವ ಬುಧವಾರ ನಮ್ಮವರ ಉತ್ತರಕ್ರಿಯೆ. ಇಡಲು ಫೋಟೊ ಇಲ್ಲ, ಇದ್ದದ್ದೆಲ್ಲ ಮನೆಯ ಜೊತೆ ಮಣ್ಣಿನಡಿ ಹೋಯಿತು. ಪಂಚಾಯತ್ ಗೋಡೆಯಲ್ಲಿರುವುದನ್ನು ಕಳಿಸಿಕೊಡಿ. ಕಲ್ಲುಗುಂಡಿ ಪೇಟೆಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸುತ್ತೇನೆ.

ಗುಡ್ಡ ಜರಿದರೆ ಓಡುವುದು ಹೇಗೆಂದು ಮೇ ತಿಂಗಳಲ್ಲಿ ನೀವು ಅಣಕು ಕಾರ್ಯಾಚರಣೆ ಮಾಡಿಸಿದಾಗ ತೆಗೆದದ್ದು ಅದು. ಅವತ್ತು ಇವರು ವಿಸಿಲ್ ಊದುವ ಮೊದಲೇ ಓಡಿದರು. "ಎಂತ ಬೋಜಪ್ಪಣ್ಣ, ವಿಸಿಲ್ ಆಗದೆ ಓಡುದಾ? ಆಫೀಸರ ಎದುರು ಮರ್ಯಾದೆ ತೆಗಿಬೇಡಿ ಮಾರಾಯ್ರೆ" ಎಂದು ನೀವು ವಾಪಸು ಕಳಿಸಿದಿರಿ. ಊರೆಲ್ಲ ನಕ್ಕಿತು. ಎರಡನೇ ಸಲ ಸರಿಯಾಗಿ ಓಡಿ ಬಂದಾಗ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡಿರಿ.

ಜುಲೈಯಲ್ಲಿ ಹಿತ್ತಲು ಬಿರುಕು ಬಿಟ್ಟಾಗ ನಾನು ಇವರ ಕೈ ಹಿಡಿದು ಎಳೆದೆ. "ವಿಸಿಲ್ ಆಗಲಿ, ಪುನಃ ನಗಾಡಿಯಾರು" ಎಂದರು. ದನ ಬಿಚ್ಚಲು ಹೋದ ನಾನು ಉಳಿದೆ. ಅಂಗಳದಲ್ಲಿ ಕಿವಿಗೊಟ್ಟು ನಿಂತ ಇವರು ಉಳಿಯಲಿಲ್ಲ. ವಿಸಿಲ್ ಪಂಚಾಯತಿನ ಕಪಾಟಿನಲ್ಲಿತ್ತಂತೆ. ಬೀಗದ ಕೈಯೊಂದಿಗೆ ನೀವು ಹವಾಮಾನ ಬದಲಾವಣೆಯ ತರಬೇತಿಗೆ ಮೈಸೂರಿಗೆ ಹೋಗಿದ್ದಿರಂತೆ.

ಫೋಟೊದಿಂದ ನಿಮ್ಮನ್ನು ಕತ್ತರಿಸಿ ತೆಗೆಯಬೇಡಿ. ಬಂದವರು ಇಬ್ಬರಿಗೂ ಹೂ ಹಾಕಲಿ.

ಇತಿ,
ಶೀಲಾವತಿ
ಶಾಲೆಯ ಕಾಳಜಿ ಕೇಂದ್ರದಿಂದ